ಫೋಮ್ ಫಿಟ್ ಕೊನೆಗೂ ಕೂತಿತು: ಹೊಸೂರಿನಿಂದ ನನ್ನ ಅನುಭವ

ನಾನು ಹೊಸೂರಿನಲ್ಲಿ ಬೈಕ್ ಸೀಟಿನ ಪಾಲಿಯುರೆಥೇನ್ ಫೋಮ್ ಮಾಡುವ ಸಣ್ಣ ಯೂನಿಟ್‌ನಲ್ಲಿದ್ದೇನೆ. ಫೋಮ್ ಹೇಗೆ ಒತ್ತಿಕೊಳ್ಳುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕಹಾಕುವ ಮಾಡೆಲ್ ಹೈಪರ್‌ಫೋಮ್. ಅದರಲ್ಲಿ ಕಂಪ್ರೆಷನ್ ಕರ್ವ್ (ಎಷ್ಟು ಒತ್ತಿದರೆ ಎಷ್ಟು ಬಲ ಎಂಬ ಗೆರೆ) ಕೂರಿಸುವುದು ಯಾರಿಗೂ ಕಷ್ಟವಲ್ಲ. ಅದೇ ಮಾಡೆಲ್ ಸೀಟಿನ ಲೋಡನ್ನೂ ಸರಿಯಾಗಿ ಹೇಳಬೇಕಲ್ಲ, ಅಲ್ಲೇ ನನಗೆ ಒಂದು ವರ್ಷ ಹೋಯಿತು.

ಮೊದಲು ಬೆಂಗಳೂರಿನ ಒಂದು ಲ್ಯಾಬ್‌ಗೆ ಸ್ಯಾಂಪಲ್ ಕಳಿಸಿದೆವು. ಮೂವತ್ತೆಂಟೋ ನಲವತ್ತೋ ಸಾವಿರ ತೆಗೆದುಕೊಂಡರು. ಕೊಟ್ಟಿದ್ದು ಮೊದಲ ಸೈಕಲ್‌ನ ಕರ್ವ್ ಮಾತ್ರ. ಎರಡು ಮೂರು ಸಲ ಒತ್ತಿ ಬಿಟ್ಟರೆ ಫೋಮ್ ಮೆತ್ತಗಾಗುತ್ತದೆ, ಸೀಟಿಗೆ ಬೇಕಾದ್ದು ಆ ಕರ್ವ್. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಆಮೇಲೆ ಹಳೇ ಯುಟಿಎಂ (ಒತ್ತಿ, ಎಳೆದು ಬಲ ಅಳೆಯುವ ಯಂತ್ರ) ಒಂದನ್ನು ಸುಮಾರು ಒಂದೂವರೆ ಲಕ್ಷಕ್ಕೆ ತಂದೆವು. ಅದರ ಲೋಡ್ ಸೆಲ್, ಅಂದರೆ ಬಲ ಅಳೆಯುವ ಭಾಗ, 50 ಕಿಲೋನ್ಯೂಟನ್‌ದು. ನಮ್ಮ 100 ಮಿಮೀ ಚೌಕದ ತುಂಡಿಗೆ ಅದರಲ್ಲಿ ರೀಡಿಂಗೇ ನಿಲ್ಲುತ್ತಿರಲಿಲ್ಲ. 500 ನ್ಯೂಟನ್‌ದು ಹಾಕಿಸಲು ಇನ್ನೂ ಇಪ್ಪತ್ತು ಸಾವಿರದ ಮೇಲೆ.

ಮಾಡೆಲ್‌ನಲ್ಲಿ ಪಾಯ್ಸನ್ ಅನುಪಾತ (ಒತ್ತಿದಾಗ ಪಕ್ಕಕ್ಕೆ ಎಷ್ಟು ಉಬ್ಬುತ್ತದೆ ಎಂಬುದು) ಸೊನ್ನೆ, ಎನ್ (ಸೂತ್ರದಲ್ಲಿನ ಪದಗಳ ಸಂಖ್ಯೆ) 2 ಎಂದು ಇಟ್ಟೆ. ಕಂಪ್ರೆಷನ್ ಕರ್ವ್ ಗೆರೆ ಎಳೆದ ಹಾಗೆ ಕೂತಿತು. ಆದರೆ 200 ಮಿಮೀ ತಟ್ಟೆ ಒತ್ತಿಸಿ ನೋಡಿದರೆ, ಕಂಪ್ಯೂಟರಿನ ಲೋಡ್ ನಿಜಕ್ಕಿಂತ ಹತ್ತಿರ ಹತ್ತಿರ 40 ಪರ್ಸೆಂಟ್ ಜಾಸ್ತಿ! ಎರಡು ತಿಂಗಳು ಮೆಶ್ (ಲೆಕ್ಕಕ್ಕಾಗಿ ಫೋಮನ್ನು ಸಣ್ಣ ತುಂಡುಗಳಾಗಿ ಒಡೆಯುವ ಜಾಲ) ಬದಲಿಸಿದೆ, ಘರ್ಷಣೆ ಬದಲಿಸಿದೆ. ಏನೂ ಆಗಲಿಲ್ಲ.

ಒಂದು ರಾತ್ರಿ ಮಾಡೆಲ್‌ನ ಕೋಎಫಿಷಿಯೆಂಟ್‌ಗಳನ್ನೇ ನೋಡುತ್ತಾ ಕೂತೆ. ಅದರಲ್ಲಿ ಆಲ್ಫಾ ಎಂಬ ಘಾತ 20ರ ಹತ್ತಿರ ಇತ್ತು. ಒತ್ತುವಾಗ ಪರವಾಗಿಲ್ಲ. ಎಳೆದರೆ? 1.1ರ 20ನೇ ಘಾತ ಸುಮಾರು 6.7. ಹತ್ತು ಪರ್ಸೆಂಟ್ ಎಳೆದರೇ ಮಾಡೆಲ್‌ನ ಫೋಮ್ ಕಲ್ಲಾಗುತ್ತದೆ. ತಟ್ಟೆಯ ಅಂಚಿನ ಸುತ್ತ ಫೋಮ್ ಎಳೆಯಲ್ಪಡುತ್ತದೆ, ಜಾರುತ್ತದೆ. ಆ ಜಾಗದ ಡೇಟಾ ನಾವು ಕೊಟ್ಟೇ ಇರಲಿಲ್ಲ.

ಶಿಯರ್ ಟೆಸ್ಟ್, ಅಂದರೆ ಫೋಮನ್ನು ಪಕ್ಕಕ್ಕೆ ಜಾರಿಸಿ ನೋಡುವ ಪರೀಕ್ಷೆ, ಬೇಕು ಎಂದೆ. "ಫೋಮ್ ಇರೋದು ಒತ್ತೋದಕ್ಕೆ ತಾನೇ? ಸುಮ್ನೆ ಖರ್ಚು" ಎಂದರು ಎಲ್ಲರೂ. ನಮ್ಮ ವೆಲ್ಡರ್ ಅಣ್ಣ ಮಾತ್ರ "ನಾಲ್ಕು ಪ್ಲೇಟ್ ತಾನೇ ಸಾರ್, ನಾಳೆ ಕೊಡ್ತೀನಿ" ಎಂದರು. ಮೂರು ಸಾವಿರದಲ್ಲಿ ಫಿಕ್ಸ್ಚರ್ ಸಿದ್ಧವಾಯಿತು. ಪ್ಲೇಟಿಗೆ ಅಂಟಿಸಿದ ಮೊದಲ ಆರು ತುಂಡುಗಳು ಅಂಟಿನಲ್ಲೇ ಬಿಟ್ಟುಕೊಂಡವು. ಅಂಟನ್ನು ಹೇಗೆ ಹಿಡಿಸಿದೆ ಎಂಬುದು ನನ್ನ ಹತ್ತಿರವೇ ಇರಲಿ.

ಇನ್ನೊಂದು ಪಾಠ. ಈ ಲೆಕ್ಕ ಮಾಡುವ ಸಾಫ್ಟ್‌ವೇರ್ ಅಬಾಕಸ್, ಫಿಟ್ ಮಾಡುವಾಗ ಸಾಪೇಕ್ಷ ದೋಷ ನೋಡುತ್ತದೆ. ಅಂದರೆ ಶುರುವಿನ ಸಣ್ಣ ಸಣ್ಣ ಸ್ಟ್ರೆಸ್‌ಗೂ (ಒತ್ತಡಕ್ಕೂ) ದೊಡ್ಡದರಷ್ಟೇ ಬೆಲೆ. ಸ್ಯಾಂಪಲ್ ಓರೆಯಾಗಿ ಕತ್ತರಿಸಿದ್ದರೆ ಮೊದಲ ಒಂದೆರಡು ಪರ್ಸೆಂಟ್ ಕರ್ವ್ ಸುಳ್ಳು ಹೇಳುತ್ತದೆ, ಆ ಸುಳ್ಳು ಇಡೀ ಫಿಟ್ಟನ್ನು ಎಳೆದಾಡುತ್ತದೆ. ಆ ತುದಿ ಕತ್ತರಿಸಿ ಸೊನ್ನೆ ಸರಿಮಾಡಿ, ಸಾವಿರಾರು ಪಾಯಿಂಟ್‌ಗಳನ್ನು ಸ್ಟ್ರೇನ್ (ಒತ್ತಿದ ಪ್ರಮಾಣ) ಅಂತರ ಸಮ ಮಾಡಿ ನಲವತ್ತಕ್ಕೆ ಇಳಿಸಿದೆ. ಎರಡೂ ಟೆಸ್ಟನ್ನು ಎಕ್ಸೆಲ್ ಸಾಲ್ವರ್‌ನಲ್ಲಿ ಒಟ್ಟಿಗೆ ಫಿಟ್ ಮಾಡಿದೆ. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಹೇಳುವುದಿಲ್ಲ, ನಿಮ್ಮ ಫೋಮ್‌ಗೆ ನೀವೇ ಹುಡುಕಿ.

ಈಗ 25 ಮತ್ತು 65 ಪರ್ಸೆಂಟ್ ಒತ್ತಿದಾಗ ಲೋಡಿನ ವ್ಯತ್ಯಾಸ ಐದಾರು ಪರ್ಸೆಂಟ್ ಒಳಗೆ. ಮೊನ್ನೆಯ ಹೊಸ ಸೀಟಿನ ಅಚ್ಚು ಒಂದೇ ಸಲಕ್ಕೆ ಪಾಸಾಯಿತು. ಹಿಂದೆ ಪ್ರತಿ ತಿದ್ದುಪಡಿಗೆ ಅರವತ್ತು ಸಾವಿರ ಹೋಗುತ್ತಿತ್ತು.

ನಡುವೆ ಒಂದು ತುಂಡಿಗೆ ಸುತ್ತ ಪಾಲಿಥೀನ್ ಬಿಗಿದು ಒತ್ತಿ ನೋಡಿದೆ. ಕರ್ವ್ ಚೆನ್ನಾಗಿ ಮೇಲೆದ್ದಿತು, ಒಳಗಿನ ಗಾಳಿಗೆ ಹೋಗಲು ದಾರಿಯಿಲ್ಲ. ರೆಕ್ಸಿನ್ ಹೊದಿಸಿದ ಸೀಟಿನಲ್ಲೂ ಸ್ವಲ್ಪ ಹೀಗೇ ಆಗುತ್ತಿರಬೇಕು. ಮುಂದಿನ ವಾರ ರೆಕ್ಸಿನ್ ಸಮೇತ ಒತ್ತಲಿದ್ದೇನೆ.