ತೋಟದಲ್ಲಿ ರಂಜಕ ಜಾಸ್ತಿ, ಹಕ್ಕಲಿನಲ್ಲಿ ಕಡಿಮೆ: ನಾನು ಮಾಡಿದ್ದು ಹೀಗೆ

ನಮ್ಮದು ಸಾಗರ ತಾಲ್ಲೂಕು, ಆನಂದಪುರದ ಕಡೆ. ಕೆಳಗೆ ಅಡಿಕೆ ತೋಟ, ಪಕ್ಕದಲ್ಲಿ ಒಂದಿಷ್ಟು ಗದ್ದೆ, ಮೇಲೆ ಮೆಕ್ಕೆಜೋಳ ಹಾಕುವ ಹಕ್ಕಲು, ಅಂದರೆ ಮಳೆ ನಂಬಿದ ಒಣ ಜಮೀನು. ಎಲ್ಲದಕ್ಕೂ ಒಂದೇ ಕೆಂಪು ಮಣ್ಣು, ಒಂದೇ ಮಳೆ. ಆದರೆ ಮಣ್ಣು ಪರೀಕ್ಷೆಯ ವರದಿ ಬಂದಾಗ ರಂಜಕದ (ಫಾಸ್ಫರಸ್) ಸಾಲಿನಲ್ಲಿ ತೋಟಕ್ಕೆ ‘ಅಧಿಕ’ ಅಂತ ಇತ್ತು, ಹಕ್ಕಲಿಗೆ ‘ಕಡಿಮೆ’ ಅಂತ ಇತ್ತು. ಎರಡರ ನಡುವೆ ಇರುವುದು ಒಂದು ಅಗಳ (ಕಂದಕ) ಮಾತ್ರ. ಈ ವ್ಯತ್ಯಾಸ ಎಲ್ಲಿಂದ ಬಂತು, ಆಮೇಲೆ ಎರಡೂ ಕಡೆ ನಾನು ಏನು ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಡಿಎಪಿ ಅನ್ನುವ ರಂಜಕ-ಸಾರಜನಕದ ಗೊಬ್ಬರಕ್ಕಾಗಿ ಸೊಸೈಟಿ ಮುಂದೆ ಸಾಲು ನಿಲ್ಲುವವರು ಒಮ್ಮೆ ಓದಿದರೆ ಒಳ್ಳೆಯದು.

ರಂಜಕದ ಸ್ವಭಾವ ಗೊತ್ತಿಲ್ಲದೆ ಅದರ ಗೊಬ್ಬರ ಹಾಕಿ ಪ್ರಯೋಜನ ಇಲ್ಲ. ಯೂರಿಯಾದ ಸಾರಜನಕ ನಮ್ಮ ಮಳೆಗೆ ಬೇಗ ತೊಳೆದು ಹೋಗುತ್ತದೆ. ಪೊಟ್ಯಾಷ್ ಕೂಡ ಅಷ್ಟಿಷ್ಟು ಹೋಗುತ್ತದೆ. ರಂಜಕ ಹಾಗಲ್ಲ. ಹಾಕಿದ ಜಾಗ ಬಿಟ್ಟು ಅದು ಹೆಚ್ಚು ಕದಲುವುದಿಲ್ಲ. ಮಣ್ಣಿನಲ್ಲಿ ಕೆಲವು ಮಿಲಿಮೀಟರ್ ಸರಿದರೆ ಅದೇ ಜಾಸ್ತಿ. ಅದು ಬೇರಿನ ಹತ್ತಿರ ಬರುವುದಿಲ್ಲ, ಬೇರೇ ಅದರ ಹತ್ತಿರ ಹೋಗಬೇಕು.

ಇನ್ನೊಂದು ಗುಣ, ಅದು ಒಂಟಿಯಾಗಿ ಇರುವುದಿಲ್ಲ. 1669ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹೆನ್ನಿಗ್ ಬ್ರಾಂಡ್ ಎಂಬಾತ ಚಿನ್ನ ಮಾಡುವ ಆಸೆಯಿಂದ ಮೂತ್ರ ಕಾಯಿಸಿ ಇಂಗಿಸಿದ. ಅವನಿಗೆ ಸಿಕ್ಕಿದ್ದು ಕತ್ತಲಲ್ಲಿ ಹೊಳೆಯುವ ಬಿಳಿ ರಂಜಕ. ಸುಮಾರು 30 ಡಿಗ್ರಿ ಬಿಸಿಯಲ್ಲಿ ಗಾಳಿ ತಗುಲಿದರೂ ಅದು ಹೊತ್ತಿಕೊಳ್ಳುತ್ತದೆ. ಅದಕ್ಕೇ ನೀರಿನೊಳಗೆ ಮುಳುಗಿಸಿ ಇಡುತ್ತಾರೆ. ಬೆಂಕಿಪೊಟ್ಟಣದ ಬದಿಯಲ್ಲಿ ಕಡ್ಡಿ ಗೀರುವ ಪಟ್ಟಿಯಲ್ಲಿರುವುದು ಕೆಂಪು ರಂಜಕ, ಅಷ್ಟು ಉರಿಮುಖದ್ದಲ್ಲ. ಮಣ್ಣು, ಎಲೆ, ಮೂಳೆ, ಬೀಜ ಎಲ್ಲಿ ನೋಡಿದರೂ ರಂಜಕ ಆಮ್ಲಜನಕದ ಜೊತೆ ಸೇರಿ ಫಾಸ್ಫೇಟ್ ಆಗಿಯೇ ಇರುತ್ತದೆ. ಗಿಡ ಎತ್ತಿಕೊಳ್ಳುವುದೂ ಅದನ್ನೇ.

ನಮ್ಮ ಕಷ್ಟ ಶುರುವಾಗುವುದು ಇಲ್ಲಿ. ಮಲೆನಾಡಿನ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ತುಂಬಾ ಇದೆ, ಜೊತೆಗೆ ಹುಳಿಯೂ (ಆಮ್ಲದ ಗುಣ) ಇದೆ. ಹುಳಿ ಹೆಚ್ಚಾದಷ್ಟೂ ಫಾಸ್ಫೇಟ್ ಇವೆರಡಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಯಲುಸೀಮೆಯ ಸುಣ್ಣದಂಶದ ಕಪ್ಪು ಮಣ್ಣಿನಲ್ಲಿ ಅದೇ ಕೆಲಸವನ್ನು ಕ್ಯಾಲ್ಸಿಯಂ ಮಾಡುತ್ತದೆ. ರಸಸಾರ, ಅಂದರೆ ಪಿಎಚ್, 6ರಿಂದ 7ರ ಆಸುಪಾಸು ಇದ್ದಾಗ ಮಾತ್ರ ರಂಜಕ ಗಿಡಕ್ಕೆ ಸುಲಭವಾಗಿ ಸಿಗುತ್ತದೆ. ಹಾಕಿದ್ದರಲ್ಲಿ ಆ ವರ್ಷದ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ನೂರಕ್ಕೆ 15–20 ಪಾಲು. ಉಳಿದದ್ದು ಎಲ್ಲೂ ಹೋಗುವುದಿಲ್ಲ, ಮಣ್ಣಲ್ಲೇ ಕೂತಿರುತ್ತದೆ. ವರ್ಷ ವರ್ಷ ಹಾಕುತ್ತಾ ಹೋದರೆ ಅದು ಕೂಡುತ್ತಾ ಹೋಗುತ್ತದೆ.

ಹಾಗಾಗಿ ನನ್ನ ಮೊದಲ ಕೆಲಸ ಮಣ್ಣು ತೆಗೆಯುವುದು. ಬೇಸಿಗೆಯಲ್ಲಿ, ಗೊಬ್ಬರ ಹಾಕುವ ಮುಂಚೆ ತೆಗೆಯುತ್ತೇನೆ. ಹಕ್ಕಲಿನಲ್ಲಿ ಅಲ್ಲಲ್ಲಿ ಇಂಗ್ಲಿಷಿನ ‘ವಿ’ ಆಕಾರದ ಗುಂಡಿ ತೋಡಿ, ಮೇಲಿನಿಂದ ಅರ್ಧ ಅಡಿ ಆಳದವರೆಗೆ ಒಂದೇ ದಪ್ಪದ ಪದರ ಕೆರೆದುಕೊಳ್ಳುತ್ತೇನೆ. ಬದು, ಗೊಬ್ಬರ ಗುಡ್ಡೆ ಹಾಕಿದ ಜಾಗ, ಮರದ ನೆರಳು ಇವನ್ನು ಬಿಡುತ್ತೇನೆ. ತೋಟದಲ್ಲಿ ಮರದ ಬುಡದಿಂದ ಎರಡು ಮೂರು ಅಡಿ ದೂರದಲ್ಲಿ ಒಂದಡಿ ಆಳದವರೆಗೆ ಒಂದು ಮಾದರಿ, ಅದರ ಕೆಳಗಿನ ಇನ್ನೊಂದಡಿಯದು ಬೇರೆ ಮಾದರಿ. ಒಂದೊಂದು ಮಾದರಿಯ ಮಣ್ಣನ್ನೂ ಬೇರೆಬೇರೆಯಾಗಿ ಕಲಸಿ, ನಾಲ್ಕು ಪಾಲು ಮಾಡಿ, ಎದುರು ಬದುರಿನ ಎರಡು ಪಾಲು ತೆಗೆದು, ಅರ್ಧ ಕೆಜಿ ಉಳಿಯುವವರೆಗೆ ಹೀಗೇ ಮಾಡಬೇಕು. ಒಣಗಿಸುವುದು ನೆರಳಲ್ಲಿ. ಖಾಲಿ ಗೊಬ್ಬರದ ಚೀಲದ ಮೇಲೆ ಮಾತ್ರ ಹರಡಬೇಡಿ. ಚೀಲದಲ್ಲಿ ಉಳಿದ ನಾಲ್ಕು ಕಾಳು ಸಾಕು ವರದಿಯೇ ತಪ್ಪಾಗುವುದಕ್ಕೆ.

ಲ್ಯಾಬಿನಲ್ಲಿ ನಿಂತು ಈ ಪರೀಕ್ಷೆ ನೋಡಿದ್ದೇನೆ, ಅವಕಾಶ ಸಿಕ್ಕರೆ ನೀವೂ ನೋಡಿ. ನಮ್ಮಂಥ ಹುಳಿ ಮಣ್ಣಿಗೆ ಬ್ರೇ ವಿಧಾನ. ಅಮೋನಿಯಂ ಫ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ತೆಳು ದ್ರಾವಣದಲ್ಲಿ ಮಣ್ಣು ಕುಲುಕಿ ಸೋಸುತ್ತಾರೆ. ಕ್ಷಾರದ ಮಣ್ಣಾದರೆ ಸೋಡಿಯಂ ಬೈಕಾರ್ಬೊನೇಟ್ ಬಳಸುವ ಓಲ್ಸನ್ ವಿಧಾನ. ಸೋಸಿದ ನೀರಿಗೆ ಮಾಲಿಬ್ಡೇಟ್ ಮತ್ತು ಇನ್ನೊಂದು ರಾಸಾಯನಿಕ ಸೇರಿಸಿದರೆ ಬಣ್ಣ ನೀಲಿಯಾಗುತ್ತದೆ. ರಂಜಕ ಇದ್ದಷ್ಟು ನೀಲಿ ಗಾಢ. ನನ್ನ ಎರಡು ಸೀಸೆ ಪಕ್ಕಪಕ್ಕ ಇದ್ದವು. ಹಕ್ಕಲಿನದು ತಿಳಿ ಆಕಾಶದ ಬಣ್ಣ, ತೋಟದ್ದು ಕಡು ನೀಲಿ. ಯಂತ್ರ ಓದುವ ಮೊದಲೇ ಕಣ್ಣಿಗೆ ಉತ್ತರ ಸಿಕ್ಕಿತ್ತು. ವರದಿಯಲ್ಲಿ ಹೆಕ್ಟೇರಿಗೆ ಸುಮಾರು 22 ಕೆಜಿಗಿಂತ ಕೆಳಗಿದ್ದರೆ ಕಡಿಮೆ, 56ರವರೆಗೆ ಮಧ್ಯಮ, ಅದಕ್ಕೂ ಮೇಲೆ ಅಧಿಕ. ಈ ಲೆಕ್ಕ ಇರುವುದು ಪಿ2ಒ5 ರೂಪದಲ್ಲಿ, ಅಂದರೆ ರಂಜಕದ ಜೊತೆ ಆಮ್ಲಜನಕವನ್ನೂ ಸೇರಿಸಿ. ಗೊಬ್ಬರದ ಚೀಲದ ಮೇಲಿನ ಸಂಖ್ಯೆಯೂ ಅದೇ. 50 ಕೆಜಿ ಡಿಎಪಿಯಲ್ಲಿ ಪಿ2ಒ5 ಲೆಕ್ಕದಲ್ಲಿ 23 ಕೆಜಿ ಇದೆ, ಬರೀ ರಂಜಕ ಅಂತ ನೋಡಿದರೆ ಸುಮಾರು 10 ಕೆಜಿ. ಮುಂದೆ ಗೊಬ್ಬರದ ಲೆಕ್ಕದಲ್ಲಿ ರಂಜಕ ಅಂದಲ್ಲೆಲ್ಲ ಪಿ2ಒ5 ಅಂತಲೇ ತಿಳಿಯಿರಿ.

ಈಗ ತೋಟದ ವಿಷಯ. ಅಡಿಕೆ ಮರ ಒಂದಕ್ಕೆ ವರ್ಷಕ್ಕೆ ಶಿಫಾರಸು ಇರುವುದು 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಜೊತೆಗೆ 12 ಕೆಜಿ ಹಸಿರು ಸೊಪ್ಪು, 12 ಕೆಜಿ ಕಾಂಪೋಸ್ಟ್. ಮೂರರಲ್ಲಿ ಅತಿ ಕಡಿಮೆ ಬೇಕಾದದ್ದು ರಂಜಕ. ಆದರೆ ನಮ್ಮ ಕಡೆ ತೋಟಕ್ಕೆ ಹೊರುವುದು 10-26-26 ಕಾಂಪ್ಲೆಕ್ಸ್, ಅಂದರೆ ನೂರು ಕೆಜಿಯಲ್ಲಿ 10 ಸಾರಜನಕ, 26 ರಂಜಕ, 26 ಪೊಟ್ಯಾಷ್ ಒಟ್ಟಿಗೆ ಇರುವ ಗೊಬ್ಬರ. ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. 140 ಗ್ರಾಂ ಪೊಟ್ಯಾಷ್ ಬರಬೇಕಾದರೆ ಈ ಗೊಬ್ಬರ ಮರಕ್ಕೆ ಸುಮಾರು 540 ಗ್ರಾಂ ಬೇಕು. ಅಷ್ಟು ಹಾಕಿದರೆ ಅದರ ಜೊತೆ ರಂಜಕವೂ 140 ಗ್ರಾಂ ಹೋಗುತ್ತದೆ. ಬೇಕಾದದ್ದು 40. ಮೂರೂವರೆ ಪಟ್ಟು! ಸಾರಜನಕ ಮಾತ್ರ 54 ಗ್ರಾಂ ಆಗಿ ಅರ್ಧಕ್ಕೇ ನಿಲ್ಲುತ್ತದೆ. ಮರ ಎತ್ತಿಕೊಳ್ಳುವುದು ಸ್ವಲ್ಪ, ಉಳಿದದ್ದು ಬುಡದಲ್ಲೇ. ಅಪ್ಪನ ಕಾಲದಿಂದ ಹೀಗೆ ಬಿದ್ದದ್ದು ಕೂಡಿ ಕೂಡಿ ಆ ಕಡು ನೀಲಿ ಬಂದಿತ್ತು.

ಜಾಸ್ತಿ ಇದ್ದರೆ ಇರಲಿ ಬಿಡು ಅನ್ನುವ ಹಾಗಿಲ್ಲ. ರಂಜಕ ವಿಪರೀತವಾದರೆ ಗಿಡಕ್ಕೆ ಸತು ಸಿಗುವುದು ಕಷ್ಟವಾಗುತ್ತದೆ. ಬೇರಿನ ಜೊತೆ ಬದುಕಿ ದೂರದ ರಂಜಕ ತಂದುಕೊಡುವ ಮೈಕೊರೈಜಾ ಶಿಲೀಂಧ್ರವೂ ಕಡಿಮೆಯಾಗುತ್ತದೆ. ಮಳೆಗೆ ಕೊಚ್ಚಿಹೋದ ಮೇಲ್ಮಣ್ಣು ಕೆರೆ ಸೇರಿದರೆ ಅಲ್ಲಿ ಪಾಚಿ ಏಳುತ್ತದೆ. ರಂಜಕ ತಾನಾಗಿ ಹರಿಯುವುದಿಲ್ಲ, ಮಣ್ಣಿನ ಬೆನ್ನೇರಿ ಹೋಗುತ್ತದೆ.

ಹಾಗಾಗಿ ದೊಡ್ಡ ಮರಗಳಿಗೆ ರಂಜಕದ ಗೊಬ್ಬರ ಪೂರ್ತಿ ನಿಲ್ಲಿಸಿದೆ. ಕಾಂಪ್ಲೆಕ್ಸ್ ಬಿಟ್ಟು ಬಿಡಿ ಗೊಬ್ಬರಕ್ಕೆ ಬಂದೆ. ಮರಕ್ಕೆ ವರ್ಷಕ್ಕೆ ಸುಮಾರು 215 ಗ್ರಾಂ ಯೂರಿಯಾ, 230 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಅರ್ಧ ಮುಂಗಾರಿನ ಶುರುವಿನಲ್ಲಿ, ಅರ್ಧ ಮಳೆ ಇಳಿದ ಮೇಲೆ. ಸೊಪ್ಪು, ಕೊಟ್ಟಿಗೆ ಗೊಬ್ಬರ ಮೊದಲಿನಂತೆಯೇ. ಅದರಲ್ಲೇ ಬರುವ ರಂಜಕ ಇಷ್ಟು ತುಂಬಿದ ಮಣ್ಣಿಗೆ ಸಾಕು.

ಪಕ್ಕದ ತೋಟದ ಅಣ್ಣ ಬಂದು ಕೇಳಿದರು. “ತಮ್ಮಾ, ಕಾಂಪ್ಲೆಕ್ಸ್ ನಿಲ್ಸಿದ್ರೆ ಮರ ಸೊರಗಲ್ವಾ?”

“ಅಣ್ಣಾ, ಬುಡದಲ್ಲಿ ಇರೋದನ್ನ ಮೊದ್ಲು ತಿನ್ಲಿ. ಖಾಲಿಯಾದ್ರೆ ವರದಿ ಹೇಳುತ್ತೆ, ಆಗ ಹಾಕೋಣ” ಅಂದೆ.

ಮರ ಸೊರಗಲಿಲ್ಲ. ಸಿಂಗಾರ (ಹೂಗೊಂಚಲು), ಅಡಿಕೆ ಕೊನೆ ಎಲ್ಲ ಮೊದಲಿನ ಹಾಗೇ ಬರುತ್ತಿವೆ. ವರದಿಯ ಅಂಕಿ ತುಂಬಾ ನಿಧಾನವಾಗಿ ಇಳಿಯುತ್ತಿದೆ, ಈಗಲೂ ಅಧಿಕದಲ್ಲೇ ಇದೆ. ಎಲೆಯಲ್ಲಿ ಸತುವಿನ ಕೊರತೆ ಕಂಡ ಕಡೆ ಸತುವಿನ ಸಲ್ಫೇಟ್ ಬೇರೆಯಾಗಿ ಕೊಟ್ಟೆ. ಅದನ್ನು ರಂಜಕದ ಗೊಬ್ಬರದ ಜೊತೆ ಕಲಸಬಾರದು. ಎರಡೂ ಸೇರಿ ಕರಗದ ವಸ್ತುವಾಗಿ ಎರಡೂ ಗಿಡಕ್ಕೆ ಸಿಗದ ಹಾಗಾಗುತ್ತವೆ.

ಹಕ್ಕಲು ಬೇರೆಯೇ ಕಥೆ. ಅಲ್ಲಿ ಮೆಕ್ಕೆಜೋಳದ ಸಸಿಗಳು ಮೊಣಕಾಲೆತ್ತರ ಬರುವ ಮುಂಚೆಯೇ ಕೆಳಗಿನ ಎಲೆಯ ಅಂಚು ನೇರಳೆಯಾಗುತ್ತಿತ್ತು. ಇದು ರಂಜಕದ ಕೊರತೆಯ ಗುರುತು. ಗಿಡ ಹಳೆ ಎಲೆಯಿಂದ ರಂಜಕ ತೆಗೆದು ಹೊಸ ಎಲೆಗೆ ಕೊಡುತ್ತದೆ, ಅದಕ್ಕೇ ಕೆಳಗಿನ ಎಲೆಯಲ್ಲಿ ಮೊದಲು ಕಾಣುವುದು. ಜೂನ್-ಜುಲೈಯ ಮೋಡ, ಥಂಡಿಗೆ ಬೇರು ಕುಂಠಿತವಾದರೂ ಸ್ವಲ್ಪ ದಿನ ಹೀಗೇ ನೇರಳೆ ಬರುತ್ತದೆ. ಬಿಸಿಲು ಬಿದ್ದ ಮೇಲೂ ಬಣ್ಣ ಹೋಗದಿದ್ದರೆ ಮಣ್ಣಿನದೇ ದೋಷ.

ನಮ್ಮ ಹಕ್ಕಲಿನ ರಸಸಾರ 5.1, ಅಂದರೆ ಹುಳಿ ಜಾಸ್ತಿ. ಇಂಥ ಮಣ್ಣಿಗೆ ಸುಮ್ನೆ ಡಿಎಪಿ ಎರಚಿದರೆ ಕಬ್ಬಿಣಕ್ಕೆ ಊಟ ಹಾಕಿದ ಹಾಗೆ. ಮೊದಲು ಹುಳಿ ಇಳಿಸಬೇಕು. ಲ್ಯಾಬಿನವರು ಹೇಳಿದ ಪ್ರಮಾಣದ ಕೃಷಿ ಸುಣ್ಣವನ್ನು ಬಿತ್ತನೆಗೆ ಮೂರು ನಾಲ್ಕು ವಾರ ಮೊದಲೇ ಎರಚಿ, ಉಳುಮೆಯಲ್ಲಿ ಸೇರಿಸಿದೆ. ಸುಣ್ಣ ಮತ್ತು ಡಿಎಪಿ ಒಟ್ಟಿಗೆ ಬೀಳಬಾರದು, ಅದರಲ್ಲಿರುವ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಹೆಕ್ಟೇರಿಗೆ 50 ಕೆಜಿ ರಂಜಕ, ಅಂದರೆ ಎಕರೆಗೆ 20 ಕೆಜಿ. ಡಿಎಪಿ ಆದರೆ ಎಕರೆಗೆ ಒಂದು ಚೀಲಕ್ಕಿಂತ ಸ್ವಲ್ಪ ಕಡಿಮೆ. ಸಿಂಗಲ್ ಸೂಪರ್ ಫಾಸ್ಫೇಟ್ ಆದರೆ ಎರಡೂವರೆ ಚೀಲ. ನಾನು ಹೆಚ್ಚಾಗಿ ಸೂಪರನ್ನೇ ಆರಿಸುತ್ತೇನೆ. ಅದರಲ್ಲಿ ರಂಜಕ ನೂರಕ್ಕೆ 16 ಪಾಲು ಮಾತ್ರ, ಹೊರುವ ಕೆಲಸ ಜಾಸ್ತಿ. ಆದರೆ 11 ಪಾಲು ಗಂಧಕ ಮತ್ತು ಕ್ಯಾಲ್ಸಿಯಂ ಕೂಡ ಬರುತ್ತದೆ. ಡಿಎಪಿಗೆ ಪರದಾಟ ಆಗುವ ಹೊತ್ತಿನಲ್ಲೂ ಇದು ಸಾಮಾನ್ಯವಾಗಿ ಸಿಗುತ್ತದೆ.

ಪೂರ್ತಿ ಬದಲಾವಣೆ ತಂದದ್ದು ಹಾಕುವ ರೀತಿ. ಎರಚುವುದನ್ನು ಬಿಟ್ಟು ಸಾಲಿಗೆ ಹಾಕಿದೆ. ಬೀಜದ ಸಾಲಿನ ಪಕ್ಕ ಎರಡು ಇಂಚು, ಬೀಜಕ್ಕಿಂತ ಎರಡು ಇಂಚು ಕೆಳಗೆ. ಎರಚಿದರೆ ಪ್ರತಿ ಕಾಳಿನ ಸುತ್ತಲೂ ಕಬ್ಬಿಣದ ಮಣ್ಣು. ಪಟ್ಟಿಯಾಗಿ ಬಿದ್ದರೆ ಮಣ್ಣು ತಾಗುವ ಭಾಗ ಕಡಿಮೆ, ಬೇರಿಗೂ ಹತ್ತಿರ. ಬೀಜಕ್ಕೇ ತಾಗುವಂತೆ ಮಾತ್ರ ಬೇಡ, ಮೊಳಕೆ ಸುಡುತ್ತದೆ. ರಂಜಕವೆಲ್ಲ ಬಿತ್ತುವಾಗಲೇ ಆಗಬೇಕು. ಮೇಲುಗೊಬ್ಬರವಾಗಿ ಡಿಎಪಿ ಎರಚುವುದನ್ನು ಎಷ್ಟೋ ಕಡೆ ನೋಡುತ್ತೇನೆ, ಬೇಜಾರಾಗುತ್ತದೆ. ಅದರ ಸಾರಜನಕ ಕೆಲಸ ಮಾಡಿ ಎಲೆ ಹಸಿರಾಗುತ್ತದೆ, ರಂಜಕ ಮೇಲ್ಮಣ್ಣಲ್ಲೇ ಉಳಿಯುತ್ತದೆ. ಹಸಿರು ಬೇಕಾದರೆ ಯೂರಿಯಾ ಸಾಕಲ್ವಾ?

ಸುಣ್ಣ ಮತ್ತು ಸಾಲುಗೊಬ್ಬರ ಎರಡೂ ಆದ ಮೇಲೆ ಸಸಿಗಳು ಒಂದೇ ಸಮ ಎದ್ದವು. ನೇರಳೆ ಬಣ್ಣ ಎಲ್ಲೋ ಒಂದೆರಡು ಕಡೆ ಮಾತ್ರ. ತೆನೆ ತುದಿಯವರೆಗೂ ಕಾಳು ಕಟ್ಟಿತು.

ಹಕ್ಕಲಿನ ಒಂದು ಬದಿಯಲ್ಲಿ ಹೊಸದಾಗಿ ಅಡಿಕೆ ಸಸಿ ಇಟ್ಟಿದ್ದೇನೆ. ಅಲ್ಲಿ ರಾಕ್ ಫಾಸ್ಫೇಟ್ ಬಳಸಿದೆ. ಇದು ಗಣಿಯ ಕಲ್ಲಿನ ಪುಡಿ. ರಾಜಸ್ಥಾನದ ಉದಯಪುರದ ಹತ್ತಿರ ಜಾಮರಕೋಟ್ರಾದಲ್ಲಿ ಇದರ ದೊಡ್ಡ ಗಣಿ ಇದೆ. ಈ ಪುಡಿ ಹುಳಿ ಮಣ್ಣಿನಲ್ಲೇ ನಿಧಾನವಾಗಿ ಕರಗುವುದು. ಬಯಲುಸೀಮೆಯ ಕಪ್ಪು ಮಣ್ಣಿಗೆ ಹಾಕಿದರೆ ಕಲ್ಲಾಗಿಯೇ ಇರುತ್ತದೆ. ಆದ್ದರಿಂದ ಆ ಗುಂಡಿಗಳಿಗೆ ಸುಣ್ಣ ಹಾಕಲಿಲ್ಲ. ಸುಣ್ಣ ಹುಳಿಯನ್ನು ಇಳಿಸಿದರೆ ಈ ಪುಡಿ ಕರಗುವುದೇ ನಿಲ್ಲುತ್ತದೆ. ಎರಡನ್ನೂ ಒಂದೇ ಗುಂಡಿಗೆ ಸುರಿಯುವುದು ನಮ್ಮ ಕಡೆ ಸಾಮಾನ್ಯ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ನೂರಕ್ಕೆ 20 ಪಾಲು ರಂಜಕದ ಪುಡಿಯಾದರೆ ಮರದ ಪೂರ್ತಿ ಪ್ರಮಾಣವಾದ 40 ಗ್ರಾಂ ರಂಜಕಕ್ಕೆ 200 ಗ್ರಾಂ ಪುಡಿ. ಮೊದಲ ವರ್ಷದ ಸಸಿಗೆ ಅದರ ಮೂರನೇ ಒಂದು ಪಾಲು, ಎರಡನೇ ವರ್ಷ ಮೂರನೇ ಎರಡು ಪಾಲು, ಮೂರನೇ ವರ್ಷದಿಂದ ಪೂರ್ತಿ. ಕಾಂಪೋಸ್ಟಿಗೆ ರಂಜಕ ಕರಗಿಸುವ ಬ್ಯಾಕ್ಟೀರಿಯಾ ಕಲಸಿ, ತೇವದಲ್ಲಿ ಕೆಲವು ದಿನ ಇಟ್ಟು, ಪುಡಿಯ ಜೊತೆ ಗುಂಡಿಗೆ ಕೊಟ್ಟೆ. ಸಸಿಗಳಿಗೆ ಪಾಲಿಥೀನ್ ಚೀಲದಲ್ಲಿರುವಾಗಲೇ ಮೈಕೊರೈಜಾ ಸೇರಿಸಿದ್ದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಬಾಗ್ಯರಾಜ್ ಅವರು ಈ ಶಿಲೀಂಧ್ರದ ಮೇಲೆ ದಶಕಗಟ್ಟಲೆ ಕೆಲಸ ಮಾಡಿದವರು. ರಂಜಕ ಕಡಿಮೆ ಇರುವ ಮಣ್ಣಿನಲ್ಲೇ ಇದರ ಪ್ರಯೋಜನ ಕಾಣುವುದು. ನನ್ನ ಹಳೇ ತೋಟಕ್ಕೆ ಹಾಕಿದರೆ ದುಡ್ಡು ದಂಡ.

ಗದ್ದೆಗೆ ಹೆಚ್ಚು ತಲೆ ಕೆಡಿಸಿಕೊಂಡಿಲ್ಲ. ನೀರು ನಿಂತಾಗ ಮಣ್ಣಿನಲ್ಲಿ ಗಾಳಿ ಇಲ್ಲದೆ ಕಬ್ಬಿಣದ ರೂಪ ಬದಲಾಗುತ್ತದೆ, ಹಿಡಿದಿಟ್ಟಿದ್ದ ರಂಜಕ ಸ್ವಲ್ಪ ಬಿಡುಗಡೆಯಾಗುತ್ತದೆ. ಅದೇ ಮಣ್ಣಿನಲ್ಲಿ ಮೆಕ್ಕೆಜೋಳ ಒದ್ದಾಡಿದರೂ ಭತ್ತ ಚೆನ್ನಾಗಿ ತೆಂಡೆ ಒಡೆಯುವುದಕ್ಕೆ ಇದೂ ಒಂದು ಕಾರಣ.

ಇಷ್ಟೆಲ್ಲ ಲೆಕ್ಕ ಯಾಕೆ ಬೇಕು ಅಂತ ಮಗಳು ಕೇಳುತ್ತಾಳೆ. ಸಾರಜನಕವನ್ನು ಗಾಳಿಯಿಂದ ಎಷ್ಟು ಬೇಕಾದರೂ ಹಿಡಿಯಬಹುದು. ರಂಜಕ ಬರುವುದು ಕಲ್ಲಿನಿಂದ ಮಾತ್ರ, ಅದಕ್ಕೆ ಬದಲಿ ಇನ್ನೊಂದಿಲ್ಲ. ಜಗತ್ತಿನ ಗೊತ್ತಿರುವ ನಿಕ್ಷೇಪದಲ್ಲಿ ನೂರಕ್ಕೆ ಸುಮಾರು 70 ಪಾಲು ಮೊರಾಕ್ಕೊ ಕಡೆ ಇದೆ. ನಮ್ಮ ದೇಶ ಕಲ್ಲು, ಫಾಸ್ಫಾರಿಕ್ ಆಮ್ಲ, ತಯಾರಾದ ಡಿಎಪಿ ಮೂರನ್ನೂ ಹೊರಗಿನಿಂದ ತರಿಸುತ್ತದೆ. ನಾವು 1,350 ರೂಪಾಯಿ ಕೊಡುವ ಡಿಎಪಿ ಚೀಲದ ಹಿಂದೆ ದೊಡ್ಡ ಸಬ್ಸಿಡಿ ಇದೆ. ಅಷ್ಟು ದೂರದಿಂದ ಬಂದದ್ದನ್ನು ತುಂಬಿದ ತೋಟಕ್ಕೇ ಮತ್ತೆ ಸುರಿಯುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಈಗ ಗೋಬರ್ ಗ್ಯಾಸಿನ ಸ್ಲರಿಯನ್ನು ತೋಟಕ್ಕೆ ಬಿಡುವ ಬದಲು ಪೈಪ್ ಹಾಕಿ ಹಕ್ಕಲಿನ ಕಾಂಪೋಸ್ಟ್ ಗುಂಡಿಗೆ ತಿರುಗಿಸಿದ್ದೇನೆ. ತೋಟದ ಸೋಗೆ, ಹಾಳೆ, ಅಡಿಕೆ ಸಿಪ್ಪೆಯಲ್ಲಿ ಒಂದು ಪಾಲೂ ಅಲ್ಲಿಗೇ ಹೋಗುತ್ತದೆ. ಹಕ್ಕಲಿನ ಇಳಿಜಾರಿಗೆ ಅಡ್ಡವಾಗಿ ಬದು ಕಟ್ಟಿ ಹುಲ್ಲು ನೆಟ್ಟಿದ್ದೇನೆ, ಮೇಲ್ಮಣ್ಣು ಇಳಿಯದಿರಲಿ ಅಂತ. ಬರುವ ಬೇಸಿಗೆಯಲ್ಲಿ ಮತ್ತೆ ಎರಡೂ ಕಡೆಯ ಮಣ್ಣು ಲ್ಯಾಬಿಗೆ ಹೋಗುತ್ತದೆ. ಹಕ್ಕಲು ಮಧ್ಯಮಕ್ಕೆ ಏರಿದ್ದರೆ ಸೂಪರ್ ಒಂದು ಚೀಲ ಕಡಿಮೆ ಮಾಡುತ್ತೇನೆ.