ಹೆಸರಿನ ಮೇಲೆ ಕಾಗದದ ಪಟ್ಟಿ ಇಟ್ಟು ಓದಿದಾಗ

ಒಬ್ಬ ರಾಜಕೀಯ ನಾಯಕರಿಗಾಗಿ ನಾನು ಹನ್ನೊಂದು ವರ್ಷ ಕರಪತ್ರ ಬರೆದುಕೊಟ್ಟಿದ್ದೇನೆ. ಸಂಬಳ ಪಡೆಯಲಿಲ್ಲ, ಹುದ್ದೆಯನ್ನೂ ಕೇಳಲಿಲ್ಲ. ಭಾಷಣದ ಟಿಪ್ಪಣಿ, ಮನೆ ಮನೆಗೆ ಹಂಚುವ ಮನವಿ, ಎದುರಾಳಿಗಳ ಆರೋಪಕ್ಕೆ ಮರುದಿನವೇ ಹೋಗಬೇಕಾದ ಉತ್ತರ, ಇವನ್ನೆಲ್ಲ ನನ್ನ ಕೆಲಸ ಮುಗಿಸಿ ಬಂದ ಮೇಲೆ ರಾತ್ರಿ ಕುಳಿತು ಬರೆಯುತ್ತಿದ್ದೆ. ಅವರಿಂದ ದೂರವಾದದ್ದು ಹೇಗೆ ಎಂದು ಕೇಳುವವರು ಸಾಮಾನ್ಯವಾಗಿ ಒಂದು ಹಗರಣವನ್ನೋ ಜಗಳವನ್ನೋ ನಿರೀಕ್ಷಿಸುತ್ತಾರೆ. ನೆಪೋಲಿಯನ್ ಚಕ್ರವರ್ತಿ ಪಟ್ಟ ಏರುವ ಸುದ್ದಿ 1804ರಲ್ಲಿ ಕಿವಿಗೆ ಬಿದ್ದಾಗ ಅವನ ಅಭಿಮಾನಿಯಾಗಿದ್ದ ಸಂಗೀತಕಾರ ಬೀಥೋವನ್ ತನ್ನ ಮೂರನೆಯ ಸಿಂಫನಿಯ ಮುಖಪುಟದಿಂದ ಅವನ ಹೆಸರನ್ನು ಕೆರೆದು ತೆಗೆದ; ಕೆರೆದ ರಭಸಕ್ಕೆ ಕಾಗದ ತೂತಾದ ಆ ಪ್ರತಿ ಇಂದಿಗೂ ಉಳಿದಿದೆ. ಅಷ್ಟು ಬೇಗ ಸಿಟ್ಟಾಗುವ ಯೋಗ್ಯತೆ ನನಗಿರಲಿಲ್ಲ. ನನಗೆ ಎರಡು ವರ್ಷ ಹಿಡಿಯಿತು.

ಶುರುವಾದದ್ದು ಒಂದು ನಗುವಿನಿಂದ. ಕಾರ್ಯಕರ್ತರ ಸಭೆಯೊಂದರಲ್ಲಿ, ಮೊದಲ ಚುನಾವಣೆಯಿಂದಲೂ ಗೋಡೆಗೆ ಪೋಸ್ಟರ್ ಅಂಟಿಸುತ್ತ ಬಂದಿದ್ದ ಹಿರಿಯರೊಬ್ಬರು ಎದ್ದು ನಿಂತು, ಕೈಯಲ್ಲಿದ್ದ ಹಾಳೆಯನ್ನು ನೋಡಿಕೊಂಡು, “ಪ್ರಣಾಳಿಕೆಯ ನಾಲ್ಕನೇ ಪುಟದಲ್ಲಿ ಗುತ್ತಿಗೆ ನೌಕರರ ವಿಷಯ ಬರೆದಿದ್ದೆವಲ್ಲ ಸಾರ್, ಅದು ಎಲ್ಲಿಗೆ ಬಂತು?” ಎಂದು ಕೇಳಿದರು. ನಾಯಕರು ಮುಗುಳ್ನಕ್ಕು, “ಯಜಮಾನರೇ, ನೀವು ಹಾಕಿಕೊಂಡಿರೋದು ಓದೋ ಕನ್ನಡಕ, ಅದರಲ್ಲಿ ದೂರದ್ದು ಕಾಣಲ್ಲ” ಎಂದರು. ಇಡೀ ಸಭಾಂಗಣ ಗೊಳ್ಳೆಂದಿತು. ನಾನೂ ನಕ್ಕೆ. ಆ ಹಿರಿಯರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಅಂಗಿಯ ಜೇಬಿಗಿಟ್ಟುಕೊಂಡು, ಮೆಲ್ಲನೆ ಕುಳಿತರು. ಆ ಹಾಳೆಯಲ್ಲಿದ್ದ ವಾಕ್ಯವನ್ನು ಬರೆದವನು ನಾನೇ ಎಂಬುದು ನೆನಪಾದದ್ದು ಮನೆ ಮುಟ್ಟಿದ ಮೇಲೆ.

ಇಷ್ಟಾದ ಮೇಲೆ ಬಿಟ್ಟುಬಂದೆ ಎಂದುಕೊಳ್ಳಬೇಡಿ. ನಾನು ಅವರನ್ನು ಅತಿ ಹೆಚ್ಚು ಗಟ್ಟಿಯಾಗಿ ಸಮರ್ಥಿಸಿಕೊಂಡದ್ದು ಆ ಸಭೆಯ ನಂತರದ ತಿಂಗಳುಗಳಲ್ಲಿ. ಲಿಯಾನ್ ಫೆಸ್ಟಿಂಗರ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದಲ್ಲಿ ಒಂದು ಸಣ್ಣ ಪಂಥದ ಜೊತೆ ಬೆರೆತು ಅದನ್ನು ಅಧ್ಯಯನ ಮಾಡಿದ್ದರು. 1954ರ ಡಿಸೆಂಬರ್ 21ಕ್ಕೆ ಪ್ರಳಯವಾಗುತ್ತದೆ ಎಂದು ಆ ಪಂಥದವರು ನಂಬಿದ್ದರು. ಪ್ರಳಯ ಆಗಲಿಲ್ಲ. ಆದರೆ ಆ ನಂಬಿಕೆಗಾಗಿ ಬಹಳಷ್ಟನ್ನು ಕಳೆದುಕೊಂಡಿದ್ದವರಲ್ಲಿ ಹಲವರು ಅದನ್ನು ಬಿಡುವ ಬದಲು, ಅಲ್ಲಿಯವರೆಗೆ ದೂರವಿಟ್ಟಿದ್ದ ಪತ್ರಕರ್ತರನ್ನು ತಾವಾಗಿಯೇ ಕರೆದು ಪ್ರಚಾರಕ್ಕಿಳಿದರು ಎಂದು ಫೆಸ್ಟಿಂಗರ್ ತಂಡ ಬರೆದಿತ್ತು. ಇದನ್ನು ಓದಿದಾಗ ನನಗೆ ನಗು ಬರಲಿಲ್ಲ. ಹನ್ನೊಂದು ವರ್ಷದ ರಾತ್ರಿಗಳನ್ನು ಕೊಟ್ಟವನಿಗೆ ‘ತಪ್ಪಾಯಿತು’ ಎನ್ನುವುದಕ್ಕಿಂತ ಇನ್ನೊಂದು ಕರಪತ್ರ ಬರೆಯುವುದೇ ಸುಲಭ.

2019ರ ಡಿಸೆಂಬರ್‌ನಲ್ಲಿ, 1991ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಆಂಗ್ ಸಾನ್ ಸೂ ಕಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನಿಂತು, ರೋಹಿಂಗ್ಯಾ ಜನರ ಮೇಲಿನ ದೌರ್ಜನ್ಯದ ಮೊಕದ್ದಮೆಯಲ್ಲಿ ಮ್ಯಾನ್ಮಾರ್ ಪರವಾಗಿ ವಾದಿಸಿದರು. ಅಂದು ರಾತ್ರಿಯ ಮಾತುಕತೆಯಲ್ಲಿ ನಾನು ಆಕೆಯ ಬಗ್ಗೆ ತೀರ್ಪು ಕೊಡಲು ಎರಡು ನಿಮಿಷವೂ ತೆಗೆದುಕೊಳ್ಳಲಿಲ್ಲ. ಆಗ ನನ್ನ ತಂಗಿ, ದನಿ ಏರಿಸದೆ, “ಅಣ್ಣಾ, ನಿಮ್ಮ ನಾಯಕರು ಹೋದ ವಾರ ಸುಮ್ಮನಿದ್ದದ್ದಕ್ಕೆ ನೀನು ಮುಕ್ಕಾಲು ಗಂಟೆ ಕಾರಣ ಕೊಟ್ಟಿದ್ದೆ” ಎಂದಳು. ಎರಡು ಪ್ರಸಂಗಗಳ ಗಾತ್ರ ಒಂದೇ ಅಲ್ಲ ಎಂದು ವಾದಿಸಿದೆ. ಅದು ನಿಜವೂ ಹೌದು. ಆದರೆ ಅವಳು ಹೇಳಿದ್ದು ಗಾತ್ರದ ಮಾತಲ್ಲ, ತಕ್ಕಡಿಯ ಮಾತು.

ಆ ತಕ್ಕಡಿಯನ್ನು ಪರೀಕ್ಷಿಸಲು ನಾವಿಬ್ಬರೂ ಸೇರಿ ಒಂದು ಉಪಾಯ ಮಾಡಿದೆವು. ನನ್ನ ಬಳಿ ಪತ್ರಿಕೆಯ ತುಣುಕುಗಳ ದೊಡ್ಡ ಕಡತವಿತ್ತು. ಅದರಿಂದ ನಮ್ಮ ನಾಯಕರ ಹೇಳಿಕೆಗಳನ್ನೂ ಎದುರಾಳಿಯ ಹೇಳಿಕೆಗಳನ್ನೂ ತಂಗಿ ಆರಿಸಿ, ಹೆಸರು ಇರುವ ಕಡೆ ಕಾಗದದ ಪಟ್ಟಿ ಅಂಟಿಸಿ ಕೊಟ್ಟಳು. ಪ್ರತಿಯೊಂದರ ಎದುರಿಗೆ ‘ಸರಿ’, ‘ತಪ್ಪು’ ಅಥವಾ ‘ಕ್ಷಮಿಸಬಹುದು’ ಎಂದು ನಾನು ಬರೆಯಬೇಕು. ಮೊದಲ ಸಲ ಇದು ಪೂರ್ತಿ ಕೆಟ್ಟಿತು, ಏಕೆಂದರೆ ನಮ್ಮವರ ಹೇಳಿಕೆಗಳಲ್ಲಿ ಅರ್ಧದಷ್ಟು ನಾನೇ ಬರೆದುಕೊಟ್ಟಿದ್ದವು, ಪಟ್ಟಿಯ ಕೆಳಗೆ ಯಾರಿದ್ದಾರೆಂದು ಮೊದಲ ಸಾಲಿಗೇ ತಿಳಿಯುತ್ತಿತ್ತು. ಎರಡನೆಯ ಸಲ ಮಾತುಗಳನ್ನು ಬಿಟ್ಟು ಕೃತ್ಯಗಳನ್ನಷ್ಟೇ ತೆಗೆದುಕೊಂಡೆವು: ಬಂಧುವಿಗೆ ಕೊಟ್ಟ ಹುದ್ದೆ, ಚರ್ಚೆಯಿಲ್ಲದೆ ಅಂಗೀಕಾರವಾದ ಮಸೂದೆ, ಪ್ರಶ್ನೆ ಕೇಳಿದವರನ್ನು ದೇಶದ್ರೋಹಿ ಎಂದದ್ದು, ಕೊನೆಯ ಗಳಿಗೆಯಲ್ಲಿ ರದ್ದಾದ ಪತ್ರಿಕಾಗೋಷ್ಠಿ. ತಂಗಿ ಅವನ್ನು ತನ್ನ ಮಾತಿನಲ್ಲಿ ಒಂದೊಂದು ಸಾಲಿಗೆ ಇಳಿಸಿದ್ದಳು. ಹದಿನಾಲ್ಕರಲ್ಲಿ ಹನ್ನೊಂದಕ್ಕೆ ನಾನು ‘ತಪ್ಪು’ ಎಂದು ಬರೆದಿದ್ದೆ. ಪಟ್ಟಿ ಕಿತ್ತು ನೋಡಿದರೆ ಆ ಹನ್ನೊಂದರಲ್ಲಿ ಆರು ನಮ್ಮವರವು, ಮತ್ತು ಆ ಆರರಲ್ಲಿ ಮೂರನ್ನು ನಾನು ಅದೇ ವರ್ಷ ಲಿಖಿತವಾಗಿ ಸಮರ್ಥಿಸಿದ್ದೆ.

ಕಡತದಲ್ಲಿ ಇನ್ನೊಂದು ವಸ್ತು ಸಿಕ್ಕಿತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರು, ಧರ್ಮದಲ್ಲಿ ಭಕ್ತಿ ಆತ್ಮದ ಮುಕ್ತಿಗೆ ದಾರಿಯಾಗಬಹುದು, ಆದರೆ ರಾಜಕೀಯದಲ್ಲಿ ಭಕ್ತಿ ಅವನತಿಗೂ ಕೊನೆಗೆ ಸರ್ವಾಧಿಕಾರಕ್ಕೂ ಖಚಿತವಾದ ದಾರಿ ಎಂಬರ್ಥದ ಎಚ್ಚರಿಕೆ ಕೊಟ್ಟಿದ್ದರು. ಆ ಮಾತನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದ ನನ್ನ ಹಳೆಯ ಕರಪತ್ರ ಅದು. ಎದುರಾಳಿಯ ಅಭಿಮಾನಿಗಳನ್ನು ಹಂಗಿಸಲು ಬರೆದದ್ದು.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಈಡೇರದ ಭರವಸೆಗಳೆಲ್ಲ ವಂಚನೆಯಲ್ಲ. ಖಜಾನೆಯಲ್ಲಿ ಹಣವಿರುವುದಿಲ್ಲ, ಮಿತ್ರಪಕ್ಷ ಒಪ್ಪುವುದಿಲ್ಲ, ನ್ಯಾಯಾಲಯ ತಡೆಯಾಜ್ಞೆ ಕೊಡುತ್ತದೆ. ಆಳುವವರು ರಾಜಿ ಮಾಡಿಕೊಳ್ಳಲೇಬೇಕಾಗುತ್ತದೆ, ಅದನ್ನು ದ್ರೋಹ ಎನ್ನುವವರ ಜೊತೆ ನಾನು ಇಂದಿಗೂ ಜಗಳವಾಡುತ್ತೇನೆ. ‘ಆಗಲಿಲ್ಲ’ ಎಂದು ಬಾಯಿಬಿಟ್ಟು ಹೇಳಿದ್ದರೆ ನಾಲ್ಕನೇ ಪುಟವನ್ನು ನಾನು ಕ್ಷಮಿಸಿಬಿಡುತ್ತಿದ್ದೆ. ಆದರೆ ಕೆಲವು ತಿಂಗಳ ನಂತರ ಸದನದಲ್ಲಿ ಅದೇ ಪ್ರಶ್ನೆ ಬಂದಾಗ ಅವರು, “ಹಾಗೆಂದು ನಾವು ಹೇಳಿಯೇ ಇಲ್ಲ” ಎಂದರು. ಕರಡು, ತಿದ್ದುಪಡಿ, ಅಚ್ಚಿನ ಪ್ರತಿ, ಮೂರೂ ನನ್ನ ಮೇಜಿನ ಮೇಲಿದ್ದವು.

ಅವರಿಗೊಂದು ಪತ್ರ ಬರೆದೆ, ಒಂದೇ ಪುಟ. ಬೈಗುಳವಿಲ್ಲ, ರಾಜೀನಾಮೆಯ ಬೆದರಿಕೆಯಿಲ್ಲ. ಮೂರು ಪ್ರತಿಗಳ ನಕಲು ಲಗತ್ತಿಸಿ, ಸದನದಲ್ಲಿ ಹೇಳಿದ್ದನ್ನು ತಿದ್ದಿಕೊಳ್ಳಬೇಕೆಂದು ಕೇಳಿದ್ದೆ. ಕಚೇರಿಯಲ್ಲಿ ನನ್ನನ್ನು ಎಲ್ಲರೂ ಕರೆಯುತ್ತಿದ್ದದ್ದು ಅಡ್ಡಹೆಸರಿನಿಂದ. ಪತ್ರದ ಕೆಳಗೆ ದಾಖಲೆಯಲ್ಲಿರುವ ಪೂರ್ಣ ಹೆಸರು ಹಾಕಿದ್ದೆ. ಒಂಬತ್ತು ದಿನಗಳ ನಂತರ, ಉತ್ತರ ಕೊಡಬೇಕಾದ ಸಾರ್ವಜನಿಕರ ಪತ್ರಗಳ ಕಟ್ಟು ಎಂದಿನಂತೆ ನನ್ನ ಮನೆಗೆ ಬಂತು. ಮೇಲಿನಿಂದ ಮೂರನೆಯದು ನನ್ನದೇ ಪತ್ರ. ಅಂಚಿನಲ್ಲಿ ನೀಲಿ ಶಾಯಿಯಲ್ಲಿ, “ಸೂಕ್ತ ಉತ್ತರ ಬರೆದುಕೊಡುವುದು” ಎಂದು ಯಾರೋ ಗೀಚಿದ್ದರು. ನಕಲುಗಳನ್ನು ಪಿನ್ನಿನಿಂದ ಬಿಡಿಸಿಯೂ ಇರಲಿಲ್ಲ.

ಉತ್ತರ ಬರೆದೆ. ಅದಕ್ಕೆ ಹತ್ತು ನಿಮಿಷ ಸಾಕಾಯಿತು. ಪತ್ರ ಬರೆದವರ ಕಾಳಜಿಯನ್ನು ಮೆಚ್ಚಿ, ಸಂದರ್ಭದಿಂದ ಬೇರ್ಪಡಿಸಿ ಓದಿದಾಗ ಆಗುವ ಅಪಾರ್ಥವನ್ನು ವಿವರಿಸಿ, ಮುಂದಿನ ಅವಧಿಯ ಆಶಾಭಾವನೆಯೊಂದಿಗೆ ಮುಗಿಸಿದ ಆ ಉತ್ತರ ಎಷ್ಟು ನಯವಾಗಿತ್ತೆಂದರೆ, ಓದಿದ ಮೇಲೆ ಒಂದು ಕ್ಷಣ ನನಗೇ ಸಮಾಧಾನವಾಯಿತು. ಭಯ ಹುಟ್ಟಿದ್ದು ಆಗ. ಇಂಥ ಉತ್ತರಗಳು ಎಷ್ಟು ಮನೆಗಳಿಗೆ ಹೋಗಿವೆಯೋ ಲೆಕ್ಕವಿಟ್ಟಿರಲಿಲ್ಲ. ಮರುದಿನ ಕಟ್ಟನ್ನು ಹಾಗೆಯೇ ಹಿಂದಿರುಗಿಸಿ, ಇನ್ನು ಮುಂದೆ ಕಳುಹಿಸಬೇಡಿ ಎಂದು ಹೇಳಿಬಂದೆ.

ಮುಂದಿನದ್ದು ಬೇಗ ಹೇಳಿ ಮುಗಿಸಬಹುದು. ಕೆಲವು ಗೆಳೆಯರು ಮಾತು ಬಿಟ್ಟರು, ಕೆಲವರು ಎಷ್ಟು ಹಣ ಸಿಕ್ಕಿತು ಎಂದು ಕೇಳಿದರು. ಎದುರು ಪಕ್ಷದವರಿಂದ ಎರಡು ಬಾರಿ ಕರೆ ಬಂತು, ಹೋಗಲಿಲ್ಲ. ಅಲ್ಲಿಯೂ ಪತ್ರಗಳ ಕಟ್ಟು ಇರುತ್ತದೆ.

ಹೋಗಬೇಕಾಗಿದ್ದದ್ದು ಆ ಹಿರಿಯರ ಮನೆಗೆ. ಅಂದು ನಾನೂ ನಕ್ಕೆ, ತಪ್ಪಾಯಿತು ಎಂದೆ. “ನಾನು ಹಿಂದೆ ತಿರುಗಿ ನೋಡಲಿಲ್ಲವಪ್ಪ, ಯಾರು ನಕ್ಕರೋ ಗೊತ್ತಿಲ್ಲ” ಎಂದರು. ಅವರು ಪಕ್ಷ ಬಿಟ್ಟಿರಲಿಲ್ಲ. ಜೇಬಿನಿಂದ ಹಾಳೆ ತೆಗೆದು, ಮಡಿಕೆ ಬಿಡಿಸಿ ತೋರಿಸಿದರು. “ನಾಲ್ಕನೇ ಪುಟಕ್ಕೆ ಇನ್ನೂ ಉತ್ತರ ಬಂದಿಲ್ಲ. ಮುಂದಿನ ಸಭೆಗೆ ಐದನೇ ಪುಟವನ್ನೂ ಓದಿಕೊಂಡು ಹೋಗುತ್ತಿದ್ದೇನೆ. ಇದನ್ನು ಬರೆದವರೂ ನೀವೇನಾ?”

ಹೌದು ಎಂದೆ.