ಮಡಚುವ ಚಾಕು ಕೊಳ್ಳುವ ಮುಂಚೆ

ಸುಮ್ನೆ ಫೋಟೋ ನೋಡಿ ಚಾಕು ಕೊಳ್ಳಬೇಡಿ. ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗಳ ಕಡೆ ಒಂದು ಸುತ್ತು ಹೋಗಿ, ಕೈಯಲ್ಲಿ ಹಿಡಿದು ನೋಡಿ. ಅಲಗು ಪೂರ್ತಿ ಬಿಚ್ಚಿ, ಅದರ ಬೆನ್ನು ಹಿಡಿದು ಮೆಲ್ಲಗೆ ಅತ್ತಿತ್ತ ಅಲ್ಲಾಡಿಸಿ. ಕೀಲು ಟಕ್ ಟಕ್ ಅಂದರೆ ಅಲ್ಲೇ ಇಟ್ಟು ಬನ್ನಿ. ಆಮೇಲೆ ಲಾಕ್ ನೋಡಿ, ಬಿಚ್ಚಿದ ಅಲಗು ಮಡಚಿಕೊಳ್ಳದಂತೆ ಹಿಡಿಯುವುದು ಅದೇ. ನನ್ನ ಮೊದಲ ಚಾಕುವಿಗೆ ಲಾಕೇ ಇರಲಿಲ್ಲ, ಸಾವನದುರ್ಗದಲ್ಲಿ ಹಗ್ಗ ಕೊಯ್ಯುವಾಗ ಪಟ್ಟಂತ ಮಡಚಿಕೊಂಡು ತೋರುಬೆರಳು ಸೀಳಿತು, ಗುರುತು ಇನ್ನೂ ಇದೆ.

ಅಲಗು 3 ಇಂಚು ಉದ್ದ, 3 ಮಿಲಿಮೀಟರ್ ದಪ್ಪ ಇದ್ದರೆ ಧಾರಾಳ ಸಾಕು. ಕಾರ್ಬನ್ ಸ್ಟೀಲ್ ಸಾಣೆ ಕಲ್ಲಿಗೆ ಬೇಗ ಹರಿತವಾಗುತ್ತದೆ, ನಿಜ. ಆದರೆ ನಿಂಬೆಹಣ್ಣು ಕೊಯ್ದು ಒರೆಸದೆ ಬಿಟ್ಟರೆ ಕಪ್ಪಾಗುತ್ತದೆ, ಮಳೆಗಾಲದಲ್ಲಿ ತುಕ್ಕು ಬೇರೆ. ನನ್ನಂಥ ಸೋಮಾರಿಗಳಿಗೆ ಸ್ಟೇನ್‌ಲೆಸ್ಸೇ ವಾಸಿ. ಒಪಿನೆಲ್ ಕಂಪನಿಯ ನಂಬರ್ 8 ಚಾಕು ಹಗುರವಾಗಿದೆ, ಅಲಗಿನ ಬುಡದ ಉಂಗುರ ತಿರುಗಿಸಿದರೆ ಲಾಕ್ ಆಗುತ್ತದೆ, ಹಣ್ಣಿಗೂ ಹಗ್ಗಕ್ಕೂ ಚೆನ್ನ. ಸೌದೆ ಸೀಳಲು ಮಾತ್ರ ಯಾವ ಮಡಚುವ ಚಾಕುವೂ ಬೇಡ, ಕೀಲು ಹೋಗುತ್ತದೆ.

ವಿಮಾನದಲ್ಲಿ ಹೋಗುವುದಾದರೆ ಚೆಕ್-ಇನ್ ಬ್ಯಾಗಿಗೆ ಹಾಕಿ. ಮೆಟ್ರೋದಲ್ಲೂ ಬ್ಯಾಗ್ ಸ್ಕ್ಯಾನ್ ಮಾಡುತ್ತಾರಲ್ವಾ, ಕೆಲಸ ಇಲ್ಲದ ದಿನ ಮನೆಯಲ್ಲೇ ಬಿಡಿ.